ಬೆಳಗಿನ ಮುನಿಸು: ಡೀಸೆಲ್ ಎಂಜಿನ್ನೂ ಚಳಿಯೂ, ನೂರು ವರ್ಷದ ಜಗಳ

ಇವತ್ತಿನ ಸಂಚಿಕೆ ಒಂದು ಶಬ್ದದ ಬಗ್ಗೆ. ಸೆಲ್ಫ್ ಹೊಡೆದಾಗ ಬರುವ "ಟರ್‌ರ್… ಟರ್‌ರ್… ಟರ್…" ಅನ್ನೋ ಶಬ್ದ. ಅದರ ಬೆನ್ನಿಗೇ ಬರಬೇಕಾದ "ಢಗ ಢಗ" ಮಾತ್ರ ಬರೋದೇ ಇಲ್ಲ. ಡಿಸೆಂಬರ್ ತಿಂಗಳ ಬೆಳಗ್ಗೆ, ಗದ್ದೆ ಮೇಲೆ ಮಂಜು, ಟ್ರೇಲರ್ ತುಂಬ ಕಬ್ಬು. ಇಪ್ಪತ್ತೈದು ವರ್ಷದ ಟ್ರ್ಯಾಕ್ಟರ್ ಜಪ್ಪಯ್ಯ ಅಂದ್ರೂ ಏಳೋದಿಲ್ಲ. ಅದೇ ಟ್ರ್ಯಾಕ್ಟರ್ ಮಧ್ಯಾಹ್ನ ಒಂದೇ ಸೆಲ್ಫಿಗೆ ಸ್ಟಾರ್ಟ್.

ಕಾರಣ ಕೇಳಿದರೆ ಹತ್ತು ಜನ ಹತ್ತು ಹೇಳ್ತಾರೆ. ಒಬ್ಬರು ಬ್ಯಾಟರಿ ಅಂತಾರೆ, ಇನ್ನೊಬ್ಬರು ಏರ್ ಹಿಡಿದಿದೆ ಅಂತಾರೆ, ಮತ್ತೊಬ್ಬರು ಪಂಪೇ ಹೋಯ್ತು ಅಂತಾರೆ. ಕೊನೆಗೆ ಪಂಪು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಪಟ್ಟಣದ ಪಂಪ್ ಅಂಗಡಿಗೆ ಕಳಿಸ್ತಾರೆ. ಸಾವಿರಾರು ರೂಪಾಯಿ ಖರ್ಚಾಗುತ್ತೆ. ಮರುದಿನ ಬೆಳಗ್ಗೆ ಮತ್ತೆ ಅದೇ "ಟರ್‌ರ್". ಈ ವಿಷಯವನ್ನು ಇತಿಹಾಸದ ಸಂಚಿಕೆಯಲ್ಲಿ ಯಾಕೆ ಎತ್ಕೊಂಡೆ ಅಂದ್ರೆ, ನನ್ನ ಪ್ರಕಾರ ಈ ತೊಂದರೆಗೆ ಉತ್ತರ ಸಿಗೋದೇ ಇತಿಹಾಸದಲ್ಲಿ. ಚಳಿಗಾಗಿ ಜನ ಕಂಡುಹಿಡಿದ ಒಂದೊಂದು ಉಪಾಯವೂ ನಿಮ್ಮ ಎಂಜಿನ್ನಿನ ಯಾವುದೋ ಮೂಲೆಯಲ್ಲಿ ಇನ್ನೂ ಕೂತಿದೆ. ಅದು ಯಾಕೆ ಹುಟ್ಟಿತು ಅಂತ ಗೊತ್ತಾದರೆ, ಅದು ಕೆಟ್ಟಾಗ ಏನಾಗುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕಿಡಿ ಇಲ್ಲದ ಬೆಂಕಿ

ಮೊದಲು ಮೂಲಕ್ಕೆ ಹೋಗೋಣ. ಸೈಕಲ್‌ಗೆ ಗಾಳಿ ಹೊಡೆದವರಿಗೆ ಇದು ಗೊತ್ತು: ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿದರೆ ಪಂಪಿನ ಬುಡ ಬೆಚ್ಚಗಾಗುತ್ತೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತೆ. ಡೀಸೆಲ್ ಎಂಜಿನ್ನಿನ ಗುಟ್ಟು ಇಷ್ಟೇ. ಪೆಟ್ರೋಲ್ ಎಂಜಿನ್ನಿನ ಹಾಗೆ ಇಲ್ಲಿ ಕಿಡಿ ಹಾರಿಸೋ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಅದರ ಗಾತ್ರದ ಹದಿನಾರರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಒತ್ತುತ್ತಾರೆ. ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆ ಹೊತ್ತಿಗೆ ಸರಿಯಾಗಿ ಡೀಸೆಲ್ಲನ್ನು ಮಂಜಿನಂತೆ ಒಳಗೆ ಚಿಮ್ಮಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿದ್ದ ಜರ್ಮನ್ ಕುಟುಂಬದಲ್ಲಿ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಜರ್ಮನಿಯ ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ 1893ರಲ್ಲಿ ಪರೀಕ್ಷೆ ಮಾಡಿದ ಮೊದಲ ಎಂಜಿನ್ ತನ್ನ ಬಲದ ಮೇಲೆ ಓಡಲೇ ಇಲ್ಲ. ನಾಲ್ಕು ವರ್ಷ ಒದ್ದಾಡಿದ ಮೇಲೆ, 1897ರ ಫೆಬ್ರವರಿ 17ರಂದು ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ಎಂಜಿನ್ನನ್ನು ಅಧಿಕೃತವಾಗಿ ಪರೀಕ್ಷೆ ಮಾಡಿದರು. ಇಂಧನದ ಶಕ್ತಿಯಲ್ಲಿ ಶೇ 26.2ರಷ್ಟು ಕೆಲಸಕ್ಕೆ ಬರ್ತಿತ್ತು. ಆ ಕಾಲದ ಉಗಿ ಎಂಜಿನ್‌ಗಳು ಅದರ ಹತ್ತಿರಕ್ಕೂ ಬರ್ತಿರಲಿಲ್ಲ.

ಆದರೆ ಒಂದು ತೊಡಕಿತ್ತು. ಬಿಸಿ ಗಾಳಿಯನ್ನು ನಂಬಿದ ಎಂಜಿನ್, ಸುತ್ತಲಿನ ಕಬ್ಬಿಣ ತಣ್ಣಗಿದ್ದರೆ ಏನು ಮಾಡಬೇಕು? ಒತ್ತಿ ಹುಟ್ಟಿಸಿದ ಬಿಸಿಯನ್ನೆಲ್ಲ ಸಿಲಿಂಡರಿನ ಗೋಡೆ ಹೀರಿಕೊಳ್ಳುತ್ತೆ. ಎಂಜಿನ್ ನಿಧಾನ ತಿರುಗಿದಷ್ಟೂ ಗೋಡೆಗೆ ಹೀರೋಕೆ ಸಮಯ ಜಾಸ್ತಿ ಸಿಗುತ್ತೆ. ರಿಂಗುಗಳ ಸಂದಿಯಲ್ಲಿ ಗಾಳಿ ಸೋರೋಕೂ ಸಮಯ ಸಿಗುತ್ತೆ.

ಹಾಗಾಗಿ ತಣ್ಣಗಿನ ಡೀಸೆಲ್ ಎಂಜಿನ್ ಏಳಬೇಕಾದರೆ ಮೂರು ಬೇಕು: ಬಿಸಿ, ಎಣ್ಣೆ, ವೇಗ. ಈ ಮೂರು ಪದ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇವುಗಳ ಸುತ್ತಲೇ ತಿರುಗುತ್ತೆ.

ಬ್ಲೋಲ್ಯಾಂಪು, ತೋಟಾ, ಮರಿ ಎಂಜಿನ್

ಡೀಸೆಲ್ ಅವರ ಮೊದಲ ಎಂಜಿನ್‌ಗಳು ಮನೆಯಷ್ಟು ಎತ್ತರ. ಕೈಯಲ್ಲಿ ತಿರುಗಿಸೋ ಮಾತೇ ಇಲ್ಲ. ಬಾಟಲಿಯಲ್ಲಿ ತುಂಬಿಟ್ಟ ಒತ್ತಡದ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ತಿರುಗಿಸ್ತಿದ್ದರು. ಮೂರರಲ್ಲಿ ಇದು 'ವೇಗ'ದ ಉಪಾಯ. ಈ ಉಪಾಯಕ್ಕೆ ದೀರ್ಘಾಯುಷ್ಯ ಇತ್ತು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯ ಟಿ-34 ಟ್ಯಾಂಕಿನ ಡೀಸೆಲ್ ಎಂಜಿನ್ನಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಜೊತೆಗೆ ಗಾಳಿ ಬಾಟಲಿಗಳೂ ಇದ್ದವು. ರಷ್ಯಾದ ಚಳಿಯಲ್ಲಿ ಬ್ಯಾಟರಿ ಸತ್ತರೂ ಗಾಳಿ ಕೈಕೊಡ್ತಿರಲಿಲ್ಲ.

ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಡೀಸೆಲ್‌ಗಿಂತ ಮುಂಚೆ, 1890ರಲ್ಲೇ, ಇನ್ನೊಂದು ದಾರಿ ಹಿಡಿದಿದ್ದರು. ಸಿಲಿಂಡರಿನ ತಲೆಗೆ ಒಂದು ಕಬ್ಬಿಣದ ಬುರುಡೆ ಸೇರಿಸಿ, ಅದನ್ನು ಹೊರಗಿನಿಂದ ಬ್ಲೋಲ್ಯಾಂಪಿನಲ್ಲಿ ಕಾಯಿಸೋದು. ಬುರುಡೆ ಚೆನ್ನಾಗಿ ಕಾದ ಮೇಲೆ ಎಂಜಿನ್ ತಿರುಗಿಸಿದರೆ ಎಣ್ಣೆ ಅದಕ್ಕೆ ತಗುಲಿ ಹೊತ್ತಿಕೊಳ್ಳುತ್ತೆ. ಆಮೇಲೆ ದೀಪ ಬೇಡ, ತನ್ನ ಬಿಸಿಯಲ್ಲಿ ತಾನೇ ಓಡುತ್ತೆ. ಇದು 'ಬಿಸಿ'ಯ ಉಪಾಯ. ಜರ್ಮನಿಯ ಮಾನ್‌ಹೈಮ್‌ನಲ್ಲಿ 1921ರಿಂದ ತಯಾರಾದ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರ್ ಇದೇ ಜಾತಿಯದು. ಅದರ ರೈತನ ಬೆಳಗಿನ ಕೆಲಸ ಕೇಳಿ: ದೀಪ ಹಚ್ಚಿ ಬುರುಡೆ ಕಾಯಿಸಬೇಕು. ಸ್ಟೀರಿಂಗ್ ಚಕ್ರವನ್ನು ಅದರ ಕಂಬದ ಸಮೇತ ಕಿತ್ತು, ಪಕ್ಕದ ಫ್ಲೈವೀಲ್‌ಗೆ ಸಿಕ್ಕಿಸಿ, ಅದನ್ನೇ ಹ್ಯಾಂಡಲ್ ಮಾಡಿಕೊಂಡು ಎಂಜಿನ್ ಎಬ್ಬಿಸಬೇಕು. ಆಮೇಲೆ ಮತ್ತೆ ಸ್ಟೀರಿಂಗ್ ಅದರ ಜಾಗಕ್ಕೆ.

ಬ್ರಿಟನ್ನಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ. ಪೆಟ್ಲುಪ್ಪಿನ ದ್ರಾವಣದಲ್ಲಿ ನೆನೆಸಿದ, ಕೆಂಡದಂತೆ ಉರಿಯೋ ಕಾಗದವನ್ನು ಸಿಲಿಂಡರಿನ ತಲೆಯೊಳಗೆ ಇಡೋದು 'ಬಿಸಿ'ಗೆ. ಕೈಯಲ್ಲಿ ಆಗದಿದ್ದರೆ ಬಂದೂಕಿನಲ್ಲಿ ಹಾಕೋಂಥ ಒಂದು ತೋಟಾ ಸಿಕ್ಕಿಸಿ, ಸುತ್ತಿಗೆಯಲ್ಲಿ ಒಂದು ಪೆಟ್ಟು. ಢಂ ಅಂತ ಸಿಡಿದು ಪಿಸ್ಟನ್ ದಬ್ಬುತ್ತೆ. ಅದು 'ವೇಗ'ಕ್ಕೆ.

ಅಮೆರಿಕದ ಕ್ಯಾಟರ್‌ಪಿಲ್ಲರ್ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರ್ ತಂದಾಗ, ದೊಡ್ಡ ಎಂಜಿನ್ ಎಬ್ಬಿಸೋಕೆ ಪಕ್ಕದಲ್ಲೇ ಎರಡು ಸಿಲಿಂಡರಿನ ಒಂದು ಪೆಟ್ರೋಲ್ ಮರಿ ಎಂಜಿನ್ ಇಟ್ಟರು. ಮುಂದೆ ಈ ಏರ್ಪಾಡು ಎಷ್ಟು ಪಳಗಿತು ಅಂದ್ರೆ, ಮರಿ ಎಂಜಿನ್ನಿನ ಬಿಸಿ ನೀರು ದೊಡ್ಡದರ ಒಳಗೆ ಹರಿದು ಅದನ್ನು ಬೆಚ್ಚಗೆ ಮಾಡ್ತಿತ್ತು, ಅದರ ಬಿಸಿ ಹೊಗೆ ದೊಡ್ಡದು ಎಳೆದುಕೊಳ್ಳೋ ಗಾಳಿಯನ್ನು ಕಾಯಿಸ್ತಿತ್ತು. ಒಂದೇ ಉಪಾಯದಲ್ಲಿ ಬಿಸಿಯೂ ಸಿಕ್ತು, ವೇಗವೂ ಸಿಕ್ತು.

ನಮ್ಮ ಊರುಗಳ ಬಾವಿ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಗಳಲ್ಲಿ ಇದರ ಬಡವರ ಆವೃತ್ತಿ ಇತ್ತು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮ ಕುಟುಂಬದಿಂದ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯ್ತು. ಹಳ್ಳಿಹಳ್ಳಿಯ ಈ ಒಂದು ಸಿಲಿಂಡರಿನ ಎಂಜಿನ್‌ಗಳ ಮೇಲೊಂದು ಪುಟ್ಟ ಲಿವರ್ ಇರುತ್ತೆ. ಅದನ್ನು ಎತ್ತಿದರೆ ವಾಲ್ವ್ ತೆರೆದೇ ಇರುತ್ತೆ, ಕಂಪ್ರೆಷನ್ ಇರೋದಿಲ್ಲ. ಹ್ಯಾಂಡಲ್ ಹಾಕಿ ಫ್ಲೈವೀಲ್‌ಗೆ ವೇಗ ಬರೋವರೆಗೆ ತಿರುಗಿಸಿ, ಲಿವರ್ ಟಪ್ಪನೆ ಬಿಟ್ಟರೆ, ಅಷ್ಟೂ ವೇಗ ಒಂದೇ ಏಟಿಗೆ ಗಾಳಿ ಒತ್ತಿ ಬಿಸಿ ಮಾಡುತ್ತೆ. ಆ ಲಿವರ್ ಬಿಡೋ ಹದ ಗೊತ್ತಿದ್ದವನೇ ಊರಿಗೆ ಎಂಜಿನ್ ಮೇಸ್ತ್ರಿ.

ಬಾಷ್ ಪಂಪು ಮತ್ತು ಡೀಸೆಲ್ ಸ್ಮರಣೆಯ ಒಂದು ನಿಮಿಷ

ಡೀಸೆಲ್ ಅವರ ಎಂಜಿನ್ ಇಂಧನವನ್ನು ಒಳಗೆ ಊದೋಕೆ ಒಂದು ದೊಡ್ಡ ಕಂಪ್ರೆಸರ್ ಬೇಕಾಗಿತ್ತು. ಲಾರಿಗೆ ಅದು ಆಗದ ಹೋಗದ ಮಾತು. ದಾರಿ ತೆರೆದದ್ದು ಮೆಕ್ಯಾನಿಕಲ್ ಇಂಜೆಕ್ಷನ್ ಪಂಪು. ಸ್ಟಟ್‌ಗಾರ್ಟ್‌ನ ರಾಬರ್ಟ್ ಬಾಷ್ 1922ರಲ್ಲಿ ಇದರ ಕೆಲಸಕ್ಕೆ ಕೈಹಾಕಿ, 1927ರಲ್ಲಿ ಕಾರ್ಖಾನೆಯಿಂದ ಸಾಲಾಗಿ ಪಂಪು ಹೊರತಂದರು.

ಈ ಪಂಪಿನ ಒಳಗೆ ಪ್ರತಿ ಸಿಲಿಂಡರಿಗೆ ಒಂದು ಪ್ಲಂಜರು, ಅದರ ಸುತ್ತ ಒಂದು ಬ್ಯಾರಲ್ಲು. ಎರಡರ ನಡುವಿನ ಸಂದಿ ಎರಡು ಮೂರು ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ರಬ್ಬರ್ ಇಲ್ಲ, ವಾಷರ್ ಇಲ್ಲ, ಲೋಹಕ್ಕೆ ಲೋಹವೇ ಬಿರಡೆ. ಜೋಡಿಯಾಗಿ ಉಜ್ಜಿ ಹೊಂದಿಸಿದ್ದು, ಒಂದರ ಪ್ಲಂಜರ್ ಇನ್ನೊಂದರ ಬ್ಯಾರಲ್ಲಿಗೆ ಹಾಕೋ ಹಾಗಿಲ್ಲ. ಪಂಪಿನೊಳಗೆ ಧೂಳು, ನೀರು ಹೋದರೆ ಯಾಕೆ ಅಷ್ಟು ಗಾಬರಿ ಅಂತ ಈಗ ಅರ್ಥ ಆಯ್ತಲ್ಲ?

ಇದರ ಜೊತೆಗೆ ಇನ್ನೊಂದು ಕಥೆ ಇದೆ. ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್ 1909ರಲ್ಲಿ ಪೂರ್ವಕೋಣೆಗೆ, ಅಂದ್ರೆ ಪ್ರೀ-ಚೇಂಬರ್‌ಗೆ ಪೇಟೆಂಟ್ ಪಡೆದರು. ಇಂಧನವನ್ನು ನೇರ ಸಿಲಿಂಡರಿಗೆ ಬಿಡದೆ, ತಲೆಯಲ್ಲಿರೋ ಪುಟ್ಟ ಕೋಣೆಗೆ ಬಿಡೋದು. ಅಲ್ಲಿ ಅರ್ಧಂಬರ್ಧ ಉರಿದು ಜೋರಾಗಿ ಕೆಳಗೆ ನುಗ್ಗುತ್ತೆ. ಎಂಜಿನ್ ಮೆತ್ತಗೆ ಓಡುತ್ತೆ, ಇಂಜೆಕ್ಟರಿಗೆ ಕಡಿಮೆ ಒತ್ತಡ ಸಾಕು. ಆದರೆ ಕೋಣೆ ಸೇರಿದಾಗ ಗೋಡೆಯೂ ಹೆಚ್ಚಾಯ್ತು. ಗೋಡೆ ಹೆಚ್ಚಾದಷ್ಟೂ ಬಿಸಿ ಕದಿಯೋರು ಹೆಚ್ಚು. ಬಿಸಿಯಾದ ಮೇಲೆ ಸಾಧು, ತಣ್ಣಗಿದ್ದಾಗ ಮೊಂಡ. ಇದು ಈ ಜಾತಿ ಎಂಜಿನ್ನಿನ ಹುಟ್ಟುಗುಣ.

ಅದಕ್ಕೆ ಬಂದದ್ದು ಗ್ಲೋ ಪ್ಲಗ್. ನಮ್ಮ ಡ್ರೈವರುಗಳು 'ಹೀಟರ್' ಅನ್ನೋದು ಇದನ್ನೇ. ಕೋಣೆಯೊಳಗೆ ಚಾಚಿಕೊಂಡಿರೋ ಒಂದು ತಂತಿ, ಕರೆಂಟು ಬಿಟ್ಟರೆ ಕೆಂಡವಾಗುತ್ತೆ. 1936ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಕ್ಕೆ ಬಂದ ಮರ್ಸಿಡಿಸ್ 260 ಡಿ, ಸಾಲಾಗಿ ತಯಾರಾದ ಮೊದಲ ಡೀಸೆಲ್ ಕಾರುಗಳಲ್ಲೊಂದು. ಅದರಲ್ಲೂ ಪ್ರೀ-ಚೇಂಬರ್, ಅದರಲ್ಲೂ ಹೀಟರ್.

ಹಳೆಯ ಮರ್ಸಿಡಿಸ್‌ಗಳಲ್ಲಿ ಎಲ್ಲ ಹೀಟರ್‌ಗಳೂ ಒಂದರ ಹಿಂದೆ ಒಂದು, ಸೀರಿಯಲ್ ದೀಪದ ಸರದ ಹಾಗೆ. ಅದೇ ಸರದಲ್ಲಿ ಡ್ಯಾಶ್‌ಬೋರ್ಡಿನಲ್ಲೂ ಒಂದು ಪುಟ್ಟ ತಂತಿ ಸುರುಳಿ ಇತ್ತು. ಅದು ಕೆಂಪಾದರೆ ಒಳಗಿನವೂ ಕೆಂಪಾಗಿವೆ ಅಂತ ಅರ್ಥ. ಕೆಂಪಾಗೋದೇ ಇಲ್ಲ ಅಂದ್ರೆ ಸರದಲ್ಲಿ ಎಲ್ಲೋ ಒಂದು ಸುಟ್ಟಿದೆ. ಭರ್ರನೆ ಬೆಳ್ಳಗೆ ಉರಿದರೆ ಎಲ್ಲೋ ಶಾರ್ಟ್ ಆಗಿದೆ. ಮೀಟರಿಲ್ಲ, ಸ್ಕ್ಯಾನರಿಲ್ಲ, ಒಂದು ತಂತಿಯ ಬಣ್ಣವೇ ಡ್ರೈವರಿಗೆ ಪೂರ್ತಿ ವರದಿ ಕೊಡ್ತಿತ್ತು.

ಆದರೆ ಕಾಯಬೇಕಿತ್ತು. ಅರ್ಧ ನಿಮಿಷ, ಚಳಿ ಜಾಸ್ತಿ ಇದ್ರೆ ಒಂದು ನಿಮಿಷ. ಜರ್ಮನ್ನರು ಇದಕ್ಕೆ ತಮಾಷೆಯ ಹೆಸರಿಟ್ಟರು: 'ರುಡಾಲ್ಫ್ ಡೀಸೆಲ್ ಸ್ಮರಣಾರ್ಥ ನಿಮಿಷ'. ತೀರಿಹೋದವರಿಗೆ ಮೌನ ಆಚರಿಸ್ತಾರಲ್ಲ, ಹಾಗೆ. 1913ರಲ್ಲಿ ಹಡಗಿನ ಪ್ರಯಾಣದಲ್ಲಿ ಕಣ್ಮರೆಯಾಗಿ, ಸಮುದ್ರದಲ್ಲಿ ಪ್ರಾಣ ಕಳಕೊಂಡ ಮನುಷ್ಯನಿಗೆ, ಪ್ರತಿ ಚಳಿಗಾಲದ ಬೆಳಗ್ಗೆ ಒಂದು ದೇಶದ ಡ್ರೈವರುಗಳು ಒಂದು ನಿಮಿಷ ಸುಮ್ಮನೆ ಕೂರ್ತಿದ್ದರು. ಬೇಗ ಕಾಯೋ ಪೆನ್ಸಿಲ್ ಹೀಟರ್‌ಗಳು ಬಂದ ಮೇಲೆ ಆ ನಿಮಿಷ ಕೆಲವೇ ಸೆಕೆಂಡಾಯ್ತು.

ಆಡುಗೋಡಿ ಮತ್ತು ಮ್ಯಾಸ್ಸಿ

ಈ ಕಥೆ ನಮ್ಮ ರಾಜ್ಯಕ್ಕೆ ಬರೋದು 1951ರಲ್ಲಿ. ಬಾಷ್ ಸಹಯೋಗದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಹೀಗಂದ್ರೆ ಯಾರಿಗೂ ಗೊತ್ತಾಗಲ್ಲ, 'ಮೈಕೋ' ಅಂದ್ರೆ ಸಾಕು. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ನಾಝಲ್ಲುಗಳು ತಯಾರಾಗತೊಡಗಿದವು. ಮೈಕ್ರಾನ್ ಲೆಕ್ಕದ ಆ ಪ್ಲಂಜರುಗಳನ್ನು ನಮ್ಮವರು ಇಲ್ಲೇ ಉಜ್ಜಿ ಹೊಂದಿಸಿದರು. ದೇಶದ ಯಾವ ಹೆದ್ದಾರಿಯ ಬದಿಗೆ ಹೋದರೂ 'ಮೈಕೋ ಪಂಪ್ ಸರ್ವಿಸ್' ಬೋರ್ಡು ಕಾಣೋ ಕಾಲ ಒಂದಿತ್ತು. ಬೆಂಗಳೂರಿನ ಒಂದು ಬಡಾವಣೆಯ ಹೆಸರೇ ಮೈಕೋ ಲೇಔಟ್.

1954ರಲ್ಲಿ ಟೆಲ್ಕೋ, ಡೈಮ್ಲರ್-ಬೆಂಜ್ ಜೊತೆ ಸೇರಿ ಟಾಟಾ-ಮರ್ಸಿಡಿಸ್ ಲಾರಿ ತಂದಿತು. ಪ್ರೀ-ಚೇಂಬರ್ ಎಂಜಿನ್, ಹೀಟರ್ ಸಮೇತ. ಅತ್ತ ಲೇಲ್ಯಾಂಡ್ ಎಂಜಿನ್‌ಗಳು ಡೈರೆಕ್ಟ್ ಇಂಜೆಕ್ಷನ್ ಜಾತಿಯವು. ಪೂರ್ವಕೋಣೆ ಇಲ್ಲ, ಗೋಡೆ ಕಡಿಮೆ, ನಮ್ಮ ಹವೆಗೆ ಹೀಟರ್ ಇಲ್ಲದೇ ಏಳ್ತಿದ್ದವು. ಒಂದು ಲಾರಿಗೆ ಹೀಟರ್ ಯಾಕೆ, ಇನ್ನೊಂದಕ್ಕೆ ಯಾಕಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಇದೇ, ಲೊರಾಂಜ್ ಅವರ ಆ ಪುಟ್ಟ ಕೋಣೆ.

ಟ್ರ್ಯಾಕ್ಟರ್ ಲೋಕದಲ್ಲಿ ಚಳಿ ಒಂದು ಎಂಜಿನ್ನಿನ ಹಣೆಬರಹವನ್ನೇ ಬದಲಾಯಿಸಿತು. 1950ರ ದಶಕದ ಫರ್ಗುಸನ್ 35 ಡೀಸೆಲ್ ಟ್ರ್ಯಾಕ್ಟರಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ 23ಸಿ ಎಂಜಿನ್ ಇತ್ತು. ಬ್ರಿಟನ್ನಿನ ಚಳಿಯಲ್ಲಿ ಅದು ಬೆಳಗ್ಗೆ ಏಳೋದಿಲ್ಲ ಅಂತ ಕುಖ್ಯಾತಿ. 1959ರಲ್ಲಿ ಮ್ಯಾಸ್ಸಿ ಫರ್ಗುಸನ್ ಸಂಸ್ಥೆ ಪರ್ಕಿನ್ಸ್ ಕಂಪನಿಯನ್ನೇ ಕೊಂಡು, ಆ ಎಂಜಿನ್ ತೆಗೆದು ಪರ್ಕಿನ್ಸ್‌ನ ಮೂರು ಸಿಲಿಂಡರಿನದು ಕೂರಿಸಿತು. ಒಂದು ಸಿಲಿಂಡರ್ ಕಡಿಮೆ, ಆದರೆ ಬೆಳಗ್ಗೆ ಏಳುತ್ತೆ. ರೈತ ಲೆಕ್ಕ ಹಾಕಿದ್ದು ಅದನ್ನೇ. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಹುಟ್ಟಿದ ಮೇಲೆ, ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪರವಾನಗಿಯಲ್ಲಿ ಮಾಡಿದ ಎಂಜಿನ್‌ಗಳ ಮೂಲಕ ಅದೇ ಮನೆತನ ನಮ್ಮ ಹೊಲಕ್ಕೆ ಬಂತು. ನಮ್ಮ 'ಮ್ಯಾಸ್ಸಿ'.

ಪರ್ಕಿನ್ಸ್ ಉಪಾಯದ ಹೆಸರು ಥರ್ಮೋಸ್ಟಾರ್ಟ್. ಸಿಲಿಂಡರಿನೊಳಗೆ ಹೀಟರ್ ಇಲ್ಲ, ಗಾಳಿ ಒಳಗೆ ಹೋಗೋ ಕೊಳವೆಯಲ್ಲಿ ಒಂದಿದೆ. ಅದು ಕಾದಾಗ ತನ್ನ ವಾಲ್ವ್ ತೆರೆದು ಡೀಸೆಲ್ ತೊಟ್ಟಿಕ್ಕುತ್ತೆ, ಅದು ಹೊತ್ತಿಕೊಂಡು ಒಳಗೆ ಹೋಗೋ ಗಾಳಿಯನ್ನು ಕಾಯಿಸುತ್ತೆ. ಇದಕ್ಕೆ ಡೀಸೆಲ್ ಕೊಡೋ ಪುಟ್ಟ ಪಾತ್ರೆ ಖಾಲಿಯಾಗಿದ್ದರೆ ಸುರುಳಿ ಸುಮ್ಮನೆ ಸುಟ್ಟುಹೋಗುತ್ತೆ. ನಮ್ಮಲ್ಲಿ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಇದು ಸುಟ್ಟು ವರ್ಷಗಳಾಗಿ, ವೈರು ಕಿತ್ತು, ತೂತಿಗೆ ಬೋಲ್ಟ್ ಜಡಿದಿರ್ತಾರೆ. ಎಂಜಿನ್ ಹೊಸದಾಗಿದ್ದಾಗ ಅದರ ಅಗತ್ಯ ಕಾಣೋದಿಲ್ಲ. ರಿಂಗು ಸವೆದ ಮೇಲೆ, ಡಿಸೆಂಬರ್ ಬಂದ ಮೇಲೆ ಕಾಣುತ್ತೆ.

"ಕರ್ನಾಟಕದಲ್ಲಿ ಎಲ್ಲಿಯ ಚಳಿ ಮಾರಾಯ್ರೇ?" ಅಂತ ನೀವು ಕೇಳಬಹುದು. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ಯುರೋಪಿಗೆ ಹೋಲಿಸಿದರೆ ಅದು ವಸಂತಕಾಲ. ಆದರೆ ಸವೆದ ಪ್ರೀ-ಚೇಂಬರ್ ಎಂಜಿನ್‌ಗೆ ಹೀಟರ್ ಸತ್ತಿದ್ದರೆ 15 ಡಿಗ್ರಿಯೂ ಹಿಮಾಲಯವೇ.

ಹೊಗೆ ಓದೋದು

ಈಗ ಕೆಲಸದ ವಿಷಯ. ಎಂಜಿನ್ ಏಳದಿದ್ದಾಗ ಸ್ಪ್ಯಾನರ್ ಹುಡುಕೋ ಮೊದಲು ಒಬ್ಬರಿಗೆ ಸೆಲ್ಫ್ ಹೊಡೆಯೋಕೆ ಹೇಳಿ, ನೀವು ಸೈಲೆನ್ಸರ್ ಕಡೆ ನೋಡಿ.

ಮೊದಲು ವೇಗ. ತಿರುಗೋದೇ ನಿಧಾನವೋ? ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದರೆ ಬೆಳಕು ಪೂರ್ತಿ ಕುಗ್ಗುತ್ತಾ? ಹಾಗಿದ್ದರೆ ಬ್ಯಾಟರಿ, ಅದರ ಟರ್ಮಿನಲ್‌ಗಳು, ಬಾಡಿಗೆ ಹೋಗೋ ಅರ್ಥ್ ವೈರು. ಟರ್ಮಿನಲ್ ಮೇಲಿನ ಬಿಳಿ ಹುಡಿ ಉಜ್ಜಿ ತೆಗೆಯೋದು ಬಿಟ್ಟಿ ಕೆಲಸ, ಮೊದಲು ಅದನ್ನೇ ಮಾಡಿ. ಮಳೆಗಾಲದಲ್ಲಿ ಹಾಕಿಸಿದ ತೀರಾ ಗಟ್ಟಿ ಎಂಜಿನ್ ಆಯಿಲ್ ಕೂಡ ಚಳಿಗಾಲದಲ್ಲಿ ವೇಗ ಕದಿಯುತ್ತೆ.

ಎರಡನೆಯದು ಎಣ್ಣೆ. ಚೆನ್ನಾಗಿ ತಿರುಗ್ತಿದೆ, ಆದರೆ ಸೈಲೆನ್ಸರಿನಿಂದ ಹೊಗೆ ಒಂದಿಷ್ಟೂ ಇಲ್ಲ. ಅಂದ್ರೆ ಡೀಸೆಲ್ ಸಿಲಿಂಡರಿಗೆ ತಲುಪಿಲ್ಲ. ನಿಲ್ಲಿಸೋ ಕೇಬಲ್ ಎಳೆದ ಜಾಗದಲ್ಲೇ ಸಿಕ್ಕಿಕೊಂಡಿದೆಯಾ ನೋಡಿ. ಆಮೇಲೆ ಫಿಲ್ಟರ್. ಆಮೇಲೆ ಏರ್. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಹೀರುವ ಸೆಳೆತ ಇರುತ್ತೆ. ಅಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರೋದಿಲ್ಲ, ಗಾಳಿ ಒಳಗೆ ಬರುತ್ತೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರೋದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರೋದಿಲ್ಲ. ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತೆ. ಇದನ್ನು ಹಿಡಿಯೋಕೆ ಒಂದು ಸುಲಭ ಪರೀಕ್ಷೆ: ಬೆಳಗ್ಗೆ ಸೆಲ್ಫ್ ಮುಟ್ಟೋ ಮೊದಲೇ ಹ್ಯಾಂಡ್ ಪ್ರೈಮರ್ ಹತ್ತಿಪ್ಪತ್ತು ಸಲ ಒತ್ತಿ, ಏರ್ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ. ತಕ್ಷಣ ಎದ್ದರೆ ರೋಗ ಪೈಪಿನದು, ಪಂಪಿನದಲ್ಲ. ಆ ಪೈಪಿನ ಒಂದು ತುಂಡಿನ ಜಾಗಕ್ಕೆ ಪಾರದರ್ಶಕ ಪೈಪ್ ಹಾಕಿ ನೋಡಿದರೆ ಗುಳ್ಳೆ ಕಣ್ಣಿಗೇ ಕಾಣುತ್ತೆ.

ಮೂರನೆಯದು ಬಿಸಿ. ಸೆಲ್ಫ್ ಹೊಡೆದಾಗ ಬಿಳಿ ಹೊಗೆ, ಕಣ್ಣು ಉರಿಯೋ ವಾಸನೆ. ಅಂದ್ರೆ ಡೀಸೆಲ್ ಬಂದಿದೆ, ಉರಿದಿಲ್ಲ, ಆವಿಯಾಗಿ ಹೊರಗೆ ಬಂದಿದೆ. ಈಗ ಹೀಟರ್ ನೋಡಿ. ಹಳೆಯ ಸೀರಿಯಲ್ ಜೋಡಣೆ ಇದ್ದರೆ ಒಂದು ಸುಟ್ಟರೂ ಎಲ್ಲವೂ ತಣ್ಣಗೆ. ಪ್ಯಾರಲಲ್ ಜೋಡಣೆ ಇದ್ದರೆ ಒಂದು ಸುಟ್ಟಾಗ ಎಂಜಿನ್ ಏಳುತ್ತೆ, ಆದರೆ ಒಂದು ಕಾಲು ಕುಂಟಿದಂತೆ ಒಂದು ನಿಮಿಷ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಹೋಗುತ್ತೆ. ಹೀಟರ್ ಸರಿ ಇದ್ದೂ ಬಿಳಿ ಹೊಗೆ ಬಂದರೆ ಕಂಪ್ರೆಷನ್ ಕಡಿಮೆ, ನಾಝಲ್ ಮಂಜು ಮಾಡದೆ ತೊಟ್ಟಿಕ್ಕುತ್ತಿದೆ, ಅಥವಾ ಪಂಪಿನ ಟೈಮಿಂಗ್ ಹಿಂದೆ ಸರಿದಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಏರ್ ಫಿಲ್ಟರ್ ತೆಗೆದು ನೋಡಿ.

ಇನ್ನು ಪಂಪು. ಪಂಪ್ ಮೇಸ್ತ್ರಿಗಳ ಬಾಯಲ್ಲಿ ನಾನು ಕೇಳಿದ ಮಾತುಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅನಿಸಿದ್ದು ಇದು. ಸವೆದ ಪ್ಲಂಜರಿನ ಗುಣ ಏನು? ಡೀಸೆಲ್ ಬಿಸಿಯಾದಾಗ ತೆಳ್ಳಗಾಗುತ್ತೆ, ಸವೆದ ಸಂದಿಯಲ್ಲಿ ಸೋರುತ್ತೆ, ಒತ್ತಡ ಬರೋದಿಲ್ಲ. ಹಾಗಾಗಿ ಸವೆದ ಪಂಪು ಬೆಳಗ್ಗೆ ಚೆನ್ನಾಗೇ ಏಳುತ್ತೆ, ಮಧ್ಯಾಹ್ನ ಬಿಸಿಯಲ್ಲಿ ನಿಲ್ಲಿಸಿದರೆ ಮತ್ತೆ ಏಳೋದಿಲ್ಲ. ನಮ್ಮ ತೊಂದರೆ ಅದಕ್ಕೆ ಪೂರ್ತಿ ಉಲ್ಟಾ. ತಣ್ಣಗೆ ಕಷ್ಟ, ಬಿಸಿಯಲ್ಲಿ ಸಲೀಸು ಅಂದ್ರೆ ಪಂಪಿನ ಮೇಲಿನ ಅನುಮಾನ ಕೊನೆಯದಾಗಬೇಕು, ಮೊದಲನೆಯದಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಪಂಪುಗಳು ಸುಮ್ಮಸುಮ್ಮನೆ ಗೋಣಿಚೀಲ ಹತ್ತಿವೆಯೋ!

ಅಡ್ಡದಾರಿ

ಕೆಲವು ಎಚ್ಚರಿಕೆ ಹೇಳಲೇಬೇಕು. ಈಥರ್ ಸ್ಪ್ರೇ, ಅಥವಾ ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲ್ ಬಟ್ಟೆ. ಎಂಜಿನ್ ತಟ್ಟನೆ ಏಳುತ್ತೆ ನಿಜ. ಆದರೆ ಈಥರ್ ಪಿಸ್ಟನ್ ಮೇಲೆ ಬರೋ ಮೊದಲೇ ಸಿಡಿಯುತ್ತೆ. ರಿಂಗು ಮುರಿಯುತ್ತೆ, ಪಿಸ್ಟನ್ ಬಿರುಕು ಬಿಡುತ್ತೆ. ಕಂಪ್ರೆಷನ್ ಇನ್ನೂ ಇಳಿಯುತ್ತೆ, ನಾಳೆ ಇನ್ನೂ ಜಾಸ್ತಿ ಈಥರ್ ಬೇಕಾಗುತ್ತೆ. ಕುಡಿತದ ಚಟದ ಹಾಗೇ. ಹೀಟರ್ ಅಥವಾ ಥರ್ಮೋಸ್ಟಾರ್ಟ್ ಇರೋ ಎಂಜಿನ್‌ಗಂತೂ ಈಥರ್ ಮುಟ್ಟಿಸಲೇಬಾರದು. ಕಾದ ತಂತಿಗೆ ತಗುಲಿ ಕೊಳವೆಯಲ್ಲೇ ಸ್ಫೋಟ ಆಗಬಹುದು, ಮುಖದ ಎದುರೇ.

ಬಿಸಿ ಪಂಪಿಗೆ ತಣ್ಣೀರು ಸುರಿದು ಸ್ಟಾರ್ಟ್ ಮಾಡೋದನ್ನು ರಸ್ತೆ ಬದಿಯಲ್ಲಿ ನೀವೂ ನೋಡಿರ್ತೀರಿ. ಅದು ಎದ್ದರೆ ಪಂಪು ಸವೆದಿದೆ ಅನ್ನೋ ಸಾಕ್ಷಿ ಸಿಗುತ್ತೆ, ಸರಿ. ಆದರೆ ಮೂರು ಮೈಕ್ರಾನ್ ಸಂದಿಯ ಲೋಹಕ್ಕೆ ಅಂಥ ಆಘಾತ ಕೊಟ್ಟರೆ ಪ್ಲಂಜರು ಅಲ್ಲೇ ಕಚ್ಚಿಕೊಳ್ಳಬಹುದು. ಹಾಗೇ, ಇಂಜೆಕ್ಟರ್ ಸಿಂಪಡಿಸೋದನ್ನು ಪರೀಕ್ಷಿಸುವಾಗ ಅದರ ಮುಂದೆ ಕೈ ಒಡ್ಡಬೇಡಿ. 200 ಬಾರ್‌ನಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳನ್ನೇ ಕಳೆದುಕೊಳ್ಳೋ ಅಪಾಯ. ಹಾಗಾದ್ರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಲಡಾಖ್ ಕಡೆಯ ಕಷ್ಟ ಬೇರೆ. ಅಲ್ಲಿ ಡೀಸೆಲ್ಲಿನಲ್ಲಿರೋ ಮೇಣವೇ ಹೆಪ್ಪುಗಟ್ಟಿ ಫಿಲ್ಟರ್ ಮುಚ್ಚಿಹೋಗುತ್ತೆ. ಜನ ಸೀಮೆಎಣ್ಣೆ ಬೆರೆಸಿ ಸಂಭಾಳಿಸ್ತಿದ್ದರು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯೋ ಚಳಿಗಾಲದ ಡೀಸೆಲ್ ತಂದಿತು. ನಮ್ಮ ಊರಿನ ಚಳಿಗೆ ಸೀಮೆಎಣ್ಣೆಯ ಅಗತ್ಯ ಇಲ್ಲ. ಡೀಸೆಲ್ಲೇ ಪಂಪಿಗೆ ಜಿಡ್ಡು, ಸೀಮೆಎಣ್ಣೆ ಆ ಜಿಡ್ಡನ್ನು ಕಡಿಮೆ ಮಾಡಿ ಪ್ಲಂಜರ್ ಸವೆಸುತ್ತೆ.

ಉಳಿಯಬೇಕಾದದ್ದು

2008ರಲ್ಲಿ ಮೈಕೋ ಹೆಸರು ಬಾಷ್ ಲಿಮಿಟೆಡ್ ಅಂತ ಬದಲಾಯ್ತು. ಮುಂದೆ ಉತ್ಪಾದನೆ ಬಿಡದಿಗೆ ಸಾಗಿತು. ಆಡುಗೋಡಿಯ ಅದೇ ಜಾಗದಲ್ಲಿ 2022ರಲ್ಲಿ ತಂತ್ರಜ್ಞಾನದ ಹೊಸ ಕ್ಯಾಂಪಸ್ ಉದ್ಘಾಟನೆಯಾಯ್ತು. ಪ್ಲಂಜರ್ ಉಜ್ಜುತ್ತಿದ್ದ ಕಡೆ ಈಗ ಸಾಫ್ಟ್‌ವೇರ್ ಬರೀತಾರೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೊಸ ಲಾರಿ, ಕಾರುಗಳಲ್ಲಿ ಚಳಿಯ ಲೆಕ್ಕವನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತೆ. ಬಿಸಿ ಎಷ್ಟು, ಎಣ್ಣೆ ಎಷ್ಟು, ಯಾವ ಕ್ಷಣ, ಎಲ್ಲ ಅದೇ ತೀರ್ಮಾನಿಸುತ್ತೆ. ಇದರ ಬಗ್ಗೆ ನನಗೆ ಕೊರಗಿಲ್ಲ. ಗಾಳಿ ಶುದ್ಧವಾಗಬೇಕಾದ್ದೇ.

ಆದರೆ ಹೊಲದಲ್ಲಿ ಇವತ್ತೂ ಉಳುತ್ತಿರೋ ಟ್ರ್ಯಾಕ್ಟರುಗಳಲ್ಲಿ, ಈಗ ಮಾರಾಟ ಆಗ್ತಿರೋ ಹೊಸ ಟ್ರ್ಯಾಕ್ಟರುಗಳಲ್ಲೂ, ಅನೇಕವು ಮೆಕ್ಯಾನಿಕಲ್ ಪಂಪಿನವೇ. ಅವು ಇನ್ನೂ ಮೂವತ್ತು ವರ್ಷ ಓಡ್ತವೆ. ಹೊಗೆಯ ಬಣ್ಣ ನೋಡಿ ರೋಗ ಹೇಳೋ ಮೇಸ್ತ್ರಿಗಳು ಮಾತ್ರ ಅಷ್ಟು ವರ್ಷ ಇರೋದಿಲ್ಲ. ಅವರ ಅಂಗಡಿಗಳು ಒಂದೊಂದಾಗಿ ಮುಚ್ತಾ ಇವೆ, ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಎಂಜಿನ್ ಉಳಿದು, ಅದನ್ನು ಓದೋ ವಿದ್ಯೆ ಹೋದರೆ, ಅದರ ಬೆಲೆ ತೆರೋದು ರೈತನೇ. ಒಂದು ವೈರಿನ ರೋಗಕ್ಕೆ ಪಂಪಿನ ಬಿಲ್ ಕಟ್ಟಿ, ಕಟಾವಿನ ದಿನ ಕಳೆದುಕೊಂಡು.

ಹಾಗಾಗಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಹಳೆಯ ಪಂಪ್ ಮೇಸ್ತ್ರಿ ಇದ್ದರೆ, ಒಂದು ಮಧ್ಯಾಹ್ನ ಹೋಗಿ ಕೂತು, ಮೊಬೈಲ್ ರೆಕಾರ್ಡರ್ ಆನ್ ಮಾಡಿ, ಅವರಿಗೆ ಮಾತಾಡೋಕೆ ಬಿಡಿ. ಯಾವ ಹೊಗೆಗೆ ಯಾವ ಮದ್ದು, ಯಾವ ಶಬ್ದಕ್ಕೆ ಯಾವ ಅರ್ಥ, ಕೇಳಿ ಬರೆದಿಟ್ಟುಕೊಳ್ಳಿ. ಆಗ್ಸ್‌ಬರ್ಗ್‌ನಿಂದ ಆಡುಗೋಡಿಯವರೆಗೆ ಬಂದ ವಿದ್ಯೆಯ ಕೊನೆಯ ಕೊಂಡಿ ಇರೋದು ಅವರ ಕೈಯಲ್ಲಿ.